ತಾಲ್ಲೂಕು ಮಟ್ಟದಲ್ಲಿ ಹಿರಿಯರ ವಿಶೇಷ ಚಿಕಿತ್ಸೆ: ಒಂದು ಕೋಣೆ, ಒಬ್ಬ ಸಿಸ್ಟರ್ ಇದ್ದರೆ ಎಲ್ಲಿಂದ ಶುರು ಮಾಡಬೇಕು?

ಭೀಮಾತೀರ (ವೈದ್ಯಾಧಿಕಾರಿ, ಜೇವರ್ಗಿ ತಾಲ್ಲೂಕು)

ವಯೋವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ 2010–11ರಲ್ಲೇ ಬಂದಿದೆ. ಜಿಲ್ಲಾ ಆಸ್ಪತ್ರೆಗೆ 10 ಹಾಸಿಗೆಯ ವಾರ್ಡು, ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆ ಎರಡು ದಿನ ಕ್ಲಿನಿಕ್ಕು, ಪಿಎಚ್‌ಸಿಯಲ್ಲಿ ವಾರಕ್ಕೊಂದು ದಿನ ಅಂತ ಲೆಕ್ಕ. ಆದರೆ ಆ ದಿನ ನಡೆಯೋದು ಬಿಪಿ ನೋಡೋದು, ಶುಗರ್ ನೋಡೋದು, ಒಂದು ತಿಂಗಳ ಗುಳಿಗೆ ಕೊಟ್ಟು ಕಳಿಸೋದು. 45 ವರ್ಷದವರಿಗೂ 80 ವರ್ಷದವರಿಗೂ ಅದೇ ಚೀಟಿ.

ಕಲಬುರಗಿ, ಬೀದರ್, ಯಾದಗಿರಿ ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಮಕ್ಕಳು ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋಗಿ, ಮನೆಯಲ್ಲಿ ವಯಸ್ಸಾದವರಷ್ಟೇ ಉಳಿದ ಹಳ್ಳಿಗಳು ಬೇಕಾದಷ್ಟಿವೆ. ಅವರನ್ನು ಬೆಂಗಳೂರಿಗೆ ಕಳಿಸುವ ಮಾತೇ ಇಲ್ಲ, ಕಲಬುರಗಿಗೆ ಬರುವುದೇ ಕಷ್ಟ. ಒಂದು ಕೋಣೆ, ಒಬ್ಬ ಸಿಸ್ಟರ್, ವಾರಕ್ಕೆ ಎರಡು ದಿನ ಸಿಗುವ ಫಿಸಿಯೋ, ಇಷ್ಟೇ ಇದೆ ಅಂದುಕೊಳ್ಳಿ. ಇಷ್ಟರಲ್ಲಿ ನಿಜವಾದ ಜೆರಿಯಾಟ್ರಿಕ್ (ವೃದ್ಧರ) ಕ್ಲಿನಿಕ್ ಮಾಡಲು ಆಗುತ್ತದೆಯೇ? ಗೊತ್ತಿದ್ದವರು ಕೆಲಸದ ಮಟ್ಟದಲ್ಲಿ ಬರೆಯಿರಿ.

ಒಂದು ತಾಸು (ವೃದ್ಧರ ವೈದ್ಯರು, ಕಲಬುರಗಿ)

ಆಗುತ್ತದೆ. ಯಂತ್ರ ಕಡಿಮೆ, ಹೊತ್ತು ಹೆಚ್ಚು ಬೇಡುವ ವಿಭಾಗ ಇದು. 1935ರಲ್ಲಿ ಲಂಡನ್ನಿನ ಪಶ್ಚಿಮದ ಒಂದು ಆಸ್ಪತ್ರೆಯಲ್ಲಿ ಮಾರ್ಜರಿ ವಾರೆನ್ ಎಂಬ ವೈದ್ಯೆ, ವರ್ಷಗಟ್ಟಲೆ ಹಾಸಿಗೆ ಹಿಡಿದು ಮಲಗಿದ್ದ ನೂರಾರು ವೃದ್ಧರನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ, ಎಬ್ಬಿಸಿ ಕೂರಿಸಿ, ನಡೆಸಿ, ಎಷ್ಟೋ ಜನರನ್ನು ಮನೆಗೆ ಕಳಿಸಿದರು. ಈ ಶಾಸ್ತ್ರ ಅಲ್ಲಿಂದಲೇ ಬೆಳೆಯಿತು. ಆಗ ಅವರ ಕೈಯಲ್ಲಿ ಸ್ಕ್ಯಾನ್ ಇರಲಿಲ್ಲ.

ಪೂರ್ತಿ ಪರೀಕ್ಷೆಗೆ ಒಬ್ಬರಿಗೆ ಒಂದು ತಾಸು ಬೇಕು, ಬಂದ ಎಲ್ಲರಿಗೂ ಅಷ್ಟು ಕೊಡಲು ಆಗದು. ಮೊದಲು ಸೋಸಬೇಕು. ಬಾಗಿಲಲ್ಲಿ ಸಿಸ್ಟರ್ ಇವನ್ನು ಕೇಳಲಿ: ವರ್ಷದೊಳಗೆ ಬಿದ್ದಿದ್ದೀರಾ, ದಿನಕ್ಕೆ ಐದು ಅಥವಾ ಹೆಚ್ಚು ಬಗೆಯ ಗುಳಿಗೆ ನುಂಗುತ್ತೀರಾ, ಮೂರು ತಿಂಗಳಲ್ಲಿ 3 ಕಿಲೋಗಿಂತ ಹೆಚ್ಚು ಇಳಿದಿದ್ದೀರಾ (ತೂಕ ಗೊತ್ತಿರದವರಿಗೆ: ಕುಪ್ಪಸ, ಬಳೆ ಸಡಿಲಾಗಿವೆಯಾ), ಮರೆವು ಹೆಚ್ಚಾಗಿದೆ ಅಂತ ಮನೆಯವರು ಹೇಳುತ್ತಾರಾ, ಉಚ್ಚೆ ತಡೆಯಲು ಆಗುತ್ತಿಲ್ಲವಾ, ಕಳೆದ ತಿಂಗಳು ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದಿರಾ. ಒಂದಕ್ಕೆ ಹೌದು ಅಂದರೂ ಅವರು ತಾಸಿನ ಸಾಲಿಗೆ. ಬೆಳಗ್ಗೆ ನಾಲ್ಕು ಜನ, ಅದಕ್ಕಿಂತ ಹೆಚ್ಚು ಬೇಡ. ಐದನೆಯವರಿಗೆ ಮುಂದಿನ ವಾರದ ದಿನಾಂಕ ಬರೆದುಕೊಡಿ.

ಆ ತಾಸಿನ ಕ್ರಮ ತಪ್ಪಿದರೆ ಫಲಿತಾಂಶವೇ ತಪ್ಪುತ್ತದೆ. ಮೊದಲು ಕಿವಿ, ಕಣ್ಣು. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತವರಿಗೆ ನೆನಪಿನ ಪ್ರಶ್ನೆ ಕೇಳಿದರೆ ಉತ್ತರ ಬರುವುದಿಲ್ಲ, ನಾವು ಮರೆಗುಳಿ ರೋಗ ಅಂತ ಬರೆದುಬಿಡುತ್ತೇವೆ. ಒಟೋಸ್ಕೋಪಿನಲ್ಲಿ (ಕಿವಿಯೊಳಗೆ ನೋಡುವ ಉಪಕರಣ) ನೋಡಿ, ಗುಗ್ಗೆ ಇದ್ದರೆ ಸೋಡಾ-ಗ್ಲಿಸರಿನ್ ಹನಿ 4–4, ದಿನಕ್ಕೆ ಮೂರು ಸಲ, ಐದು ದಿನ. ಆಮೇಲೆ ಮೈಬಿಸಿಯಷ್ಟಿರುವ ನೀರಿನಿಂದ ತೊಳೆಯಿರಿ. ತಣ್ಣೀರು ಬಿಟ್ಟರೆ ತಕ್ಷಣ ತಲೆ ಗಿರ್ರನೆ ತಿರುಗಿ ಅಲ್ಲೇ ಬೀಳುತ್ತಾರೆ. ಕಿವಿ ಸೋರಿದ ಇತಿಹಾಸ ಇದ್ದರೆ ತೊಳೆಯಲೇಬೇಡಿ, ಕಿವಿಯ ತಮಟೆಗೆ ತೂತು ಇರಬಹುದು.

ಎರಡನೆಯದು ಮಲಗಿಸಿ, ನಿಲ್ಲಿಸಿ ಬಿಪಿ. ಐದು ನಿಮಿಷ ಅಂಗಾತ ಮಲಗಿಸಿ ಒಂದು ಅಳತೆ, ಎದ್ದು ನಿಂತ 1ನೇ ನಿಮಿಷಕ್ಕೆ ಒಂದು, 3ನೇ ನಿಮಿಷಕ್ಕೆ ಇನ್ನೊಂದು. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಅದೇ ರೋಗ. "ಎದ್ದಕೂಡ್ಲೇ ಕಣ್ಣಿಗೆ ಕತ್ತಲಿ ಬರ್ತದ, ಚಕ್ರ ಬರ್ತದ" ಅನ್ನುವವರಿಗೆ ಬಹಳಷ್ಟು ಕಡೆ ಕೂರಿಸಿ ಬಿಪಿ ನೋಡಿ "ನಾರ್ಮಲ್" ಅಂತ ಕಳಿಸುತ್ತಾರೆ. ಕೂರಿಸಿ ನೋಡಿದರೆ ಇದು ಸಿಗುವುದೇ ಇಲ್ಲ.

ಮೂರನೆಯದು ಗುಳಿಗೆ ಚೀಲ, ನಾಲ್ಕನೆಯದು ನಡಿಗೆ, ಆಮೇಲೆ ನೆನಪು, ಮನಸ್ಸು, ಊಟ, ಮೂತ್ರ, ಮನೆಯಲ್ಲಿ ಯಾರಿದ್ದಾರೆ. ಕೊನೆಗೆ ಒಂದೇ ಹಾಳೆಯಲ್ಲಿ, ಒಂದು ಭೇಟಿಗೆ ಮೂರಕ್ಕಿಂತ ಹೆಚ್ಚು ಬದಲಾವಣೆ ಬರೆಯಬೇಡಿ. ಏಳೆಂಟು ಬರೆದರೆ ಮನೆಯಲ್ಲಿ ಒಂದೂ ಆಗುವುದಿಲ್ಲ, ಯಾವುದರಿಂದ ಏನಾಯಿತು ಅನ್ನುವುದೂ ನಮಗೆ ತಿಳಿಯುವುದಿಲ್ಲ.

ಗುಳಿಗೆಡಬ್ಬಿ (ಫಾರ್ಮಸಿಸ್ಟ್, ಭಾಲ್ಕಿ)

ಚೀಲದ ಬಗ್ಗೆ ಬರೀತೀನಿ, ಯಾಕಂದ್ರ ಅರ್ಧ ಚಿಕಿತ್ಸೆ ಅಲ್ಲೇ ಅದ.

"ಗುಳಿಗಿ ಚೀಟಿ ತರ್ರಿ" ಅಂದ್ರ ಚೀಟಿ ಅಷ್ಟೇ ತರ್ತಾರ. "ಮನ್ಯಾಗ ಇರೋ ಎಲ್ಲಾ ಗುಳಿಗಿ, ಮುಲಾಮು, ಎಣ್ಣಿ, ಪುಡಿ, ಖಾಲಿ ಸ್ಟ್ರಿಪ್ ಸೈತ ಚೀಲದಾಗ ಹಾಕ್ಕೊಂಡು ಬರ್ರಿ" ಅಂತ ಆಶಾ ಮೂಲಕ ಹಿಂದಿನ ದಿನವೇ ಹೇಳಿ ಕಳಿಸ್ಬೇಕು. ಚೀಲ ಟೇಬಲ್ ಮ್ಯಾಲ ಸುರುವಿದ್ರ ಕಾಣೋದು: ಒಂದೇ ಔಷಧ ಎರಡು ಕಂಪನಿ ಹೆಸರಿನಾಗ. ಸರ್ಕಾರಿ ದವಾಖಾನಿ ಕೊಟ್ಟ ಟೆಲ್ಮಿಸಾರ್ಟನ್ (ಬಿಪಿ ಗುಳಿಗಿ) ಒಂದು, ಖಾಸಗಿ ಡಾಕ್ಟ್ರು ಬರೆದ ಟೆಲ್ಮಿಸಾರ್ಟನ್ ಇನ್ನೊಂದು. ಎರಡೂ ನುಂಗ್ತಿರ್ತಾರ.

ಸರಪಳಿ ಹ್ಯಾಂಗ ಬೆಳೀತದ ನೋಡ್ರಿ. ಬಿಪಿಗೆ ಅಮ್ಲೋಡಿಪಿನ್ 10 ಮಿಗ್ರಾಂ. ಅದರಿಂದ ಕಾಲು ಬಾವು ಬರ್ತದ. ಬಾವಿಗೆ ಅಂತ ಯಾರೋ ಫ್ಯೂರೋಸೆಮೈಡ್ (ಉಚ್ಚಿ ಹೆಚ್ಚು ಮಾಡೋ ನೀರಿನ ಗುಳಿಗಿ) ಬರೀತಾರ. ಅದು ಸಂಜೆ ನುಂಗಿದ್ರ ರಾತ್ರಿ ನಾಲ್ಕು ಸಲ ಉಚ್ಚಿಗೆ ಏಳ್ತಾರ. ಅದಕ್ಕ ಮೂತ್ರ ತಡಿಯೋ ಆಕ್ಸಿಬ್ಯುಟಿನಿನ್ ಬರ್ತದ. ಅದರಿಂದ ಬಾಯಿ ಒಣಗ್ತದ, ಮಲಬದ್ಧತೆ, ತಲಿ ಮಬ್ಬು. ಮಬ್ಬಿನಾಗ ರಾತ್ರಿ ಎದ್ದು ಬೀಳ್ತಾರ. ಇದರಾಗ ರೋಗ ಒಂದೇ, ಬಿಪಿ. ಉಳಿದಿದ್ದು ಗುಳಿಗಿ ತಂದ ತೊಂದರಿ. ಅಮ್ಲೋಡಿಪಿನ್ 5ಕ್ಕ ಇಳಿಸಿ, ಇಲ್ಲಾ ಬೇರೆ ಗುಂಪಿಗೆ ಬದಲಿಸಿದ್ರ ಮುಂದಿನ ಎರಡೂ ಗುಳಿಗಿ ಬೇಕಾಗೋದೇ ಇಲ್ಲ. ಆದ್ರ ಫ್ಯೂರೋಸೆಮೈಡ್ ಹೃದಯದ ಸಲುವಾಗಿ ಕೊಟ್ಟಿದ್ರ ಅದನ್ನ ನಿಲ್ಲಿಸ್ಬಾರ್ದು, ಬೆಳಿಗ್ಗಿಗೆ ಸರಿಸ್ರಿ.

ನಮ್ಮ ಕಡೆ ಕಣ್ಣಿಟ್ಟು ಹುಡುಕಬೇಕಾದವು: ಗ್ಲಿಬೆನ್‌ಕ್ಲಮೈಡ್ (ಶುಗರ್ ಗುಳಿಗಿ, ವಯಸ್ಸಾದವರಿಗೆ ಬ್ಯಾಡವೇ ಬ್ಯಾಡ, ಇದರಿಂದ ಶುಗರ್ ಇಳಿದ್ರ ಒಂದು ದಿನ ಪೂರ್ತಿ ಮತ್ತ ಮತ್ತ ಇಳೀತದ), ನಿದ್ದಿಗೆ ಕೊಡೋ ಆಲ್ಪ್ರಜೋಲಾಮ್, ಖಿನ್ನತೆ, ನರನೋವಿಗೆ ಕೊಡೋ ಅಮಿಟ್ರಿಪ್ಟಿಲಿನ್, ನೆಗಡಿಗೆ ಕೊಡೋ ಕ್ಲೋರ್‌ಫೆನಿರಮಿನ್. ಮತ್ತ ಮೊಳಕಾಲ ನೋವಿಗೆ ಪುಡಿಕೆ ಕಟ್ಟಿ ಕೊಡೋ ಹೆಸರಿಲ್ಲದ ಗುಳಿಗಿ. ಅದರಾಗ ಭಾಳ ಸಲ ಸ್ಟೆರಾಯ್ಡ್ ಇರ್ತದ. ಮುಖ ಗುಂಡಗ, ಚರ್ಮ ಕಾಗದದಂಗ ತೆಳು, ಮುಟ್ಟಿದಲ್ಲಿ ನೀಲಿ ಕಲೆ ಇದ್ರ ಸಂಶಯ ಪಡ್ರಿ. ಅದನ್ನ ಸಿಟ್ಟಿನಿಂದ ಒಮ್ಮಿಗೇ ಕಸಿದು ಒಗೀಬ್ಯಾಡ್ರಿ, ಬಿಪಿ ಕುಸಿದು ಜೀವಕ್ಕ ಅಪಾಯ. ಆಲ್ಪ್ರಜೋಲಾಮ್‌ನೂ ಅಷ್ಟೇ: ಎರಡು ವಾರಕ್ಕ ಕಾಲು ಭಾಗದಂತೆ ಇಳಿಸ್ಕೋತ, ಕೊನಿಗೆ ಇನ್ನೂ ನಿಧಾನ.

ಓದು ಬರದವರಿಗೆ ಕವರ್ ಮ್ಯಾಲ ಸೂರ್ಯ, ಚಂದ್ರನ ಗುರುತು ಹಾಕ್ರಿ. ಸ್ಟ್ರಿಪ್ ಕತ್ತರಿಸಿ ಕೊಡುವಾಗ ಹೆಸರು, ತಾರೀಖು ಇರೋ ತುದಿ ಅವರ ಕೈಗೆ ಹೋಗ್ಲಿ. ಅರ್ಧ ಮಾಡಿ ನುಂಗ್ರಿ ಅನ್ನೋ ಮೊದಲು ಅದು ಎಸ್‌ಆರ್ (ಔಷಧ ನಿಧಾನಕ್ಕ ಬಿಡೋ) ಗುಳಿಗಿ ಅಲ್ಲ ಅಂತ ಖಾತ್ರಿ ಮಾಡ್ಕೋರಿ. ಮೆಟ್‌ಫಾರ್ಮಿನ್ ಎಸ್‌ಆರ್ ಅರಿಯೋದು, ಪುಡಿ ಮಾಡೋದು ಮಾಡಿದ್ರ ನಿಧಾನಕ್ಕ ಬಿಡಬೇಕಾದ ಔಷಧ ಒಮ್ಮಿಗೇ ಬಿಡ್ತದ.

ಭೀಮಾತೀರ

ಉಪವಾಸದ ದಿನಗಳದ್ದು ಏನು ಮಾಡುತ್ತೀರಿ? ಶ್ರಾವಣ ಸೋಮವಾರ, ಏಕಾದಶಿ, ರಂಜಾನ್ ರೋಜಾ. ಶುಗರ್ ಇಳಿಸುವ ಗ್ಲಿಮೆಪಿರೈಡ್ ನುಂಗಿ ಊಟ ಬಿಡುವವರು ಬಹಳ.

ಒಂದು ತಾಸು

ಉಪವಾಸ ಬಿಡಿ ಅಂದರೆ ಔಷಧ ಬಿಡುತ್ತಾರೆ, ಉಪವಾಸ ಬಿಡುವುದಿಲ್ಲ. ಆದ್ದರಿಂದ ಮೊದಲ ಭೇಟಿಯಲ್ಲೇ ಕೇಳಿ ಬರೆದುಕೊಳ್ಳಿ, ಆ ದಿನದ ಡೋಸು ಬೇರೆಯೇ ಬರೆದುಕೊಡಿ. ರೋಜಾ ಇದ್ದರೆ ತಿಂಗಳ ಮೊದಲೇ ಕರೆಸಿ. ಇನ್ಸುಲಿನ್ ಮೇಲಿರುವವರು, ಹಿಂದೆ ಶುಗರ್ ಇಳಿದು ಬಿದ್ದವರು, ಕಿಡ್ನಿ ಕೆಟ್ಟವರು ಮಾಡಬಾರದು ಅನ್ನುವುದನ್ನು ಮನೆಯ ಹಿರಿಮಗನ ಎದುರು, ಬೇಕಾದರೆ ಮಸೀದಿಯ ಮೌಲಾನಾರ ಎದುರೂ ಹೇಳಿ.

ಗುರಿಯನ್ನೂ ಸಡಿಲಿಸಬೇಕು. ಗಟ್ಟಿಮುಟ್ಟಾದ 65ರವರಿಗೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್) 7–7.5 ಸರಿ. ನಾಲ್ಕು ರೋಗ ಇರುವ, ಬೇರೆಯವರ ಆಸರೆಯಲ್ಲಿರುವ 80ರವರಿಗೆ 8ರವರೆಗೂ ನಡೆಯುತ್ತದೆ. ಹಾಸಿಗೆ ಹಿಡಿದವರಲ್ಲಿ ಆ ಸಂಖ್ಯೆಯನ್ನು ಬೆನ್ನಟ್ಟುವುದೇ ತಪ್ಪು. ಶುಗರ್ ಏರಿ ಬಾಯಾರದಂತೆ, ಇಳಿದು ಬೀಳದಂತೆ ನೋಡಿಕೊಂಡರೆ ಸಾಕು. ರಕ್ತಹೀನತೆ ಇದ್ದವರಲ್ಲಿ ಎಚ್‌ಬಿಎ1ಸಿ ನಂಬುವಂತಿಲ್ಲ, ಅದೂ ನೆನಪಿರಲಿ.

ಇನ್ನೊಂದು, ಕಿಡ್ನಿಗಾಗಿ ಮಾಡುವ ರಕ್ತಪರೀಕ್ಷೆ, ಕ್ರಿಯಾಟಿನಿನ್. 80 ವರ್ಷದ, 40 ಕಿಲೋ ತೂಕದ ಅಜ್ಜಿಯ ಕ್ರಿಯಾಟಿನಿನ್ 1.0 ಬಂದರೆ ಲ್ಯಾಬು ನಾರ್ಮಲ್ ಅನ್ನುತ್ತದೆ. ಲೆಕ್ಕ ಹಾಕಿ: 140ರಲ್ಲಿ ವಯಸ್ಸು ಕಳೆದರೆ 60, ತೂಕದಿಂದ ಗುಣಿಸಿದರೆ 2400, ಅದನ್ನು 72 ಮತ್ತು ಕ್ರಿಯಾಟಿನಿನ್‌ನ ಗುಣಲಬ್ಧದಿಂದ ಭಾಗಿಸಿದರೆ 33, ಹೆಂಗಸಾದ್ದರಿಂದ 0.85ರಿಂದ ಗುಣಿಸಿದರೆ 28. ಕಿಡ್ನಿ ನಿಮಿಷಕ್ಕೆ ಸುಮಾರು 28 ಮಿಲಿ ಮಾತ್ರ ಸೋಸುತ್ತಿದೆ. ಮಾಂಸಖಂಡ ಕರಗಿದವರಲ್ಲಿ ಕ್ರಿಯಾಟಿನಿನ್ ಉತ್ಪತ್ತಿಯೇ ಕಡಿಮೆ, ಅದಕ್ಕೇ ರಿಪೋರ್ಟು ಮೋಸ ಮಾಡುತ್ತದೆ. ಇಂಥವರಿಗೆ ಟೊಂಕದ ನೋವಿಗೆ ಡೈಕ್ಲೊಫಿನಾಕ್ ಸೂಜಿ, ಜೊತೆಗೆ ಟೆಲ್ಮಿಸಾರ್ಟನ್, ಅದರ ಮೇಲೆ ನೀರಿನ ಗುಳಿಗೆ: ಮೂರೂ ಕೂಡಿದರೆ ವಾರದೊಳಗೆ ಕಿಡ್ನಿ ನಿಲ್ಲಬಹುದು. ಈ ಲೆಕ್ಕವನ್ನು ಕ್ಲಿನಿಕ್ಕಿನ ಗೋಡೆಗೆ ಅಂಟಿಸಿ.

ಪಾಠಶಾಲೆ (ವೈದ್ಯಕೀಯ ಕಾಲೇಜು ಅಧ್ಯಾಪಕ, ಕಲಬುರಗಿ)

ಇದೆಲ್ಲ ಸರಿ. ಆದರೆ ಮೂಲದ ಮಾತು ಬಿಟ್ಟುಹೋಗುತ್ತಿದೆ. ಪ್ರತ್ಯೇಕ ವಿಭಾಗ, ಪ್ರತ್ಯೇಕ ಹುದ್ದೆ ಇಲ್ಲದೆ ಈ ಶಾಸ್ತ್ರ ಎಲ್ಲೂ ನಿಂತಿಲ್ಲ. ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ 1978ರಲ್ಲಿ ಡಾ. ವಿ. ಎಸ್. ನಟರಾಜನ್ ವೃದ್ಧರ ಹೊರರೋಗಿ ವಿಭಾಗ ಶುರು ಮಾಡಿದರು, ಅಲ್ಲಿ ಎಂಡಿ ಕೋರ್ಸು ಬಂದಿದ್ದು 1996ರಲ್ಲಿ. ನಡುವೆ 18 ವರ್ಷ. ನಮ್ಮಲ್ಲಿ ಕಲಬುರಗಿಯ ಜಿಮ್ಸ್, ಇಎಸ್‌ಐಸಿ, ರಾಂಪೂರೆ, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಇಷ್ಟು ವೈದ್ಯಕೀಯ ಕಾಲೇಜುಗಳಿವೆ. ಒಂದರಲ್ಲಾದರೂ ವಿಭಾಗ ಗಟ್ಟಿಯಾದರೆ ಉಳಿದವಕ್ಕೆ ಜನ ಸಿಗುತ್ತಾರೆ. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗದವರಿಗೆ ಸೀಟಿನ ಮೀಸಲಾತಿಯೂ ಇದೆ, ಇಲ್ಲಿಯವರೇ ಕಲಿತು ಇಲ್ಲೇ ಉಳಿಯುವ ಸಾಧ್ಯತೆ ಹೆಚ್ಚು.

ವಿಭಾಗ ಇಲ್ಲದಿದ್ದರೆ ಏನಾಗುತ್ತದೆ ಅಂದರೆ, ಡೆಂಗಿ ಕಾಲ ಬಂದ ಕೂಡಲೇ ಆ 10 ಹಾಸಿಗೆಗೆ ಜ್ವರದವರನ್ನು ಹಾಕುತ್ತಾರೆ. ತರಬೇತಿ ಪಡೆದ ಸಿಸ್ಟರ್ ಆರು ತಿಂಗಳಿಗೆ ಲೇಬರ್ ರೂಮಿಗೆ ಹೋಗುತ್ತಾರೆ. ಅಲ್ಲಿಗೆ ಕಾರ್ಯಕ್ರಮ ಮುಗಿಯಿತು.

ಒಂದು ತಾಸು

ಹುದ್ದೆ ಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ ಸರ್. ಆದರೆ ಎಂಡಿ ಆದವರು ಬರುವ ತನಕ ಕಾಯುವ ಹಾಗಿಲ್ಲ. ಎಂಬಿಬಿಎಸ್ ವೈದ್ಯರಿಗೆ ಕೆಲಸದಲ್ಲಿದ್ದುಕೊಂಡೇ ಮಾಡುವ ಡಿಪ್ಲೊಮಾ ಇವೆ. ಒಬ್ಬ ಫಿಸಿಶಿಯನ್, ಇಬ್ಬರು ಸಿಸ್ಟರ್, ಒಬ್ಬ ಫಿಸಿಯೋ ಇವರನ್ನು ಒಂದೇ ಸಲ, ಒಟ್ಟಿಗೆ ತರಬೇತಿಗೆ ಕಳಿಸಿ, ಮೂರು ವರ್ಷ ಬದಲಿಸುವುದಿಲ್ಲ ಅಂತ ಆದೇಶ ಮಾಡಿಸಿಕೊಂಡರೆ ಸಾಕು. ವೈದ್ಯರೊಬ್ಬರೇ ಕಲಿತು ಬಂದರೆ ಉಪಯೋಗ ಕಡಿಮೆ, ವಾರ್ಡಿನ ರಾತ್ರಿ ಅವರ ಕೈಯಲ್ಲಿಲ್ಲ.

ಯಾದಗಿರಿ ಸಿಸ್ಟರ್ (ಶುಶ್ರೂಷಾಧಿಕಾರಿ)

ರಾತ್ರಿ ಮಾತು ಬಂತಲ್ಲ, ಅದಕ್ಕೇ ಬರೀತೀನಿ. ವಯಸ್ಸಾದವರು ಅಡ್ಮಿಟ್ ಆದ ಎರಡನೇ ಮೂರನೇ ರಾತ್ರಿ ಒಮ್ಮಿಂದೊಮ್ಮಿಗೇ ಗಾಬರಿ ಮಾಡ್ತಾರ. ಸಲಾಯಿನ್ ಕಿತ್ತಿ ಒಗೀತಾರ, ಸತ್ತವರ ಹೆಸರು ಹಿಡಿದು ಕರೀತಾರ. ಇನ್ನು ಕೆಲವರು ತದ್ವಿರುದ್ಧ, ಮಾತಿಲ್ಲ ಕತಿ ಇಲ್ಲ, ಮಂಕಾಗಿ ಮಲಗಿರ್ತಾರ. ಈ ಎರಡನೇ ತರದವರು ತ್ರಾಸು ಕೊಡಲ್ಲ ಅಂತ ಯಾರೂ ನೋಡಂಗಿಲ್ಲ, ಅಪಾಯ ಅವರಿಗೇ ಹೆಚ್ಚು. ಇದು ಹುಚ್ಚಲ್ಲ, ದೆವ್ವಲ್ಲ, ಡೆಲಿರಿಯಂ. ಕಾರಣ ಒಳಗ ಇರ್ತದ: ಸೋಂಕು, ನೀರು ಕಮ್ಮಿ, ಸೋಡಿಯಂ ಇಳಿದದ್ದು, ಉಚ್ಚಿ ಕಟ್ಟಿದ್ದು, ಮಲ ಗಟ್ಟಿಯಾಗಿದ್ದು, ನೋವು, ಹೊಸ ಗುಳಿಗಿ. ವಯಸ್ಸಾದವರಿಗೆ ನ್ಯುಮೋನಿಯಾ ಆದ್ರೂ ಜ್ವರ ಬರ್ದೇ ಇರಬಹುದು, ಎದಿನೋವು ಇಲ್ಲದೇ ಹಾರ್ಟ್ ಅಟ್ಯಾಕ್ ಆಗಬಹುದು. ತಲಿ ಮಬ್ಬಾದದ್ದೊಂದೇ ಹೊರಗ ಕಾಣೋ ಲಕ್ಷಣ.

ವಾರ್ಡಿನಾಗ ಮಾಡಬೇಕಾದದ್ದು ರೊಕ್ಕದ ಕೆಲಸ ಅಲ್ಲ. ಎಲ್ಲರಿಗೂ ಕಾಣೋಹಂಗ ದೊಡ್ಡ ಗಡಿಯಾರ, ಒಂದೊಂದು ದಿನ ಹರಿಯೋ ಕ್ಯಾಲೆಂಡರ್. ಅವರ ಕನ್ನಡಕ, ಕಿವಿ ಮಷಿನ್, ಹಲ್ಲಿನ ಸೆಟ್ ಮನ್ಯಾಗ ಬಿಟ್ಟು ಬಂದಿರ್ತಾರ, ಮೊದಲ ದಿನವೇ ತರಿಸ್ರಿ. ಹಗಲು ಕಿಟಕಿ ತೆಗೆದಿರ್ಲಿ, ರಾತ್ರಿ ದೊಡ್ಡ ಲೈಟ್ ಬ್ಯಾಡ. ರಾತ್ರಿ 2 ಗಂಟೆಗೆ ಎಬ್ಬಿಸಿ ಬಿಪಿ ನೋಡೋದು, ಸ್ಥಿರ ಇದ್ದವರಿಗೆ, ನಿಲ್ಲಿಸ್ರಿ. ನೋಡ್ಕೊಳ್ಳಾಕ ಬಂದ ಮಗಳನ್ನ, ಸೊಸಿನ್ನ ಹೊರಗ ಕಳಿಸಬ್ಯಾಡ್ರಿ, ಹಾಸಿಗಿ ಪಕ್ಕ ಒಂದು ಸ್ಟೂಲ್ ಕೊಡ್ರಿ. ಗುರುತಿನ ದನಿ ಕೇಳಿದ್ರ ಅರ್ಧ ಗಾಬರಿ ಇಳೀತದ. ಕೈಕಾಲು ಕಟ್ಟಬ್ಯಾಡ್ರಿ, ಕಟ್ಟಿದ್ರ ಇನ್ನೂ ಹೆಚ್ಚಾಗ್ತದ. ಗಾಬರಿ ತಗ್ಗಿಸೋ ಹ್ಯಾಲೊಪೆರಿಡಾಲ್ ಕೊನೇ ದಾರಿ, ಅದೂ ಡಾಕ್ಟ್ರು ಬರೆದ್ರ 0.25ರಿಂದ 0.5 ಮಿಗ್ರಾಂ. ಪಾರ್ಕಿನ್ಸನ್ ಇದ್ದವರಿಗೆ ಕೊಡಲೇಬಾರ್ದು.

ಕ್ಯಾಥಿಟರ್! ಉಚ್ಚಿ ಹಾಸಿಗ್ಯಾಗ ಆಗ್ತದ ಅಂತ ಹಾಕೋದು, ಆಮ್ಯಾಲ ಮರೆಯೋದು. ಪ್ರತಿದಿನ ರೌಂಡ್ಸಿನಾಗ "ಇದು ಇವತ್ತು ಯಾಕ ಬೇಕು?" ಅಂತ ಕೇಳ್ರಿ. ಉತ್ತರ ಇಲ್ಲಾಂದ್ರ ತೆಗೀರಿ, ತೆಗೆದ ಮ್ಯಾಲ ಆರು ತಾಸಿನೊಳಗ ಉಚ್ಚಿ ಹೋತೇನು ನೋಡ್ರಿ.

ಬೆನ್ನುಹುಣ್ಣಿಗೆ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸ್ರಿ. ಪೂರ್ತಿ ಪಕ್ಕಕ್ಕಲ್ಲ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆ. ಮೀನಖಂಡದ ಕೆಳಗ ದಿಂಬಿಟ್ಟು ಹಿಮ್ಮಡಿ ಹಾಸಿಗಿಗೆ ತಾಗದಂಗ ಎತ್ತಿಡ್ರಿ. ಟ್ಯೂಬಿನ ರಿಂಗ್ ಮ್ಯಾಲ ಕುಂದರಸೋದು ತಪ್ಪು, ರಿಂಗಿನ ಅಂಚಿನಾಗ ಒತ್ತಿ ನಡುವಿನ ಚರ್ಮಕ್ಕ ರಕ್ತ ಬರೋದು ಕಮ್ಮಿ ಆಗ್ತದ. ಕೆಂಪಾದ ಜಾಗ ತಿಕ್ಕಬ್ಯಾಡ್ರಿ.

ನಡಿಗೆಕೋಲು (ಫಿಸಿಯೋಥೆರಪಿಸ್ಟ್, ಬೀದರ್)

ಸಿಸ್ಟರ್ ಮಾತಿಗೆ ಒಂದು ಸೇರಿಸ್ತೀನಿ: ಮಂಚದ ಎತ್ತರ. ಆಸ್ಪತ್ರೆ ಮಂಚ ನಮ್ಮ ಅಜ್ಜಿಯರಿಗೆ ಎತ್ತರ. ಅಂಚಿಗೆ ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು, ಅಂದರೆ ಹಾಸಿಗೆ ಸೇರಿ 45 ಸೆಂಟಿಮೀಟರ್ ಸುಮಾರು. ವಾರ್ಡಿನಲ್ಲಿ ನಾಲ್ಕು ಮಂಚದ ಕಾಲಾದರೂ ಕತ್ತರಿಸಿ ಬುಡಕ್ಕೆ ರಬ್ಬರ್ ಹಾಕಿಸಿ. ಊಟ ಮಂಚದ ಮೇಲೆ ಬೇಡ, ಕುರ್ಚಿಯಲ್ಲಿ. ದಿನಕ್ಕೆ ಮೂರು ಸಲ ಕುರ್ಚಿಗೆ ಇಳಿದು ಏರಿದರೆ ಅದೇ ವ್ಯಾಯಾಮ.

ಕ್ಲಿನಿಕ್ಕಿನ ನಡಿಗೆ ಪರೀಕ್ಷೆಗೆ ಬೇಕಾದದ್ದು 45–46 ಸೆಂಟಿಮೀಟರ್ ಎತ್ತರದ, ಕೈ ಇರುವ, ಗೋಡೆಗೆ ಆನಿಸಿದ ಕುರ್ಚಿ, 3 ಮೀಟರ್ ದೂರದಲ್ಲಿ ನೆಲದ ಮೇಲೆ ಬಣ್ಣದ ಗೆರೆ, ಮೊಬೈಲಿನ ಗಡಿಯಾರ. ಏಳಿ, ನಡೆದು ಗೆರೆ ಮುಟ್ಟಿ, ತಿರುಗಿ, ಬಂದು ಕೂರಿ. 12 ಸೆಕೆಂಡ್ ಅಥವಾ ಹೆಚ್ಚು ಬಂದರೆ ಬೀಳುವ ಅಪಾಯ. ಇನ್ನೊಂದು, ಕೈ ಎದೆಗೆ ಕಟ್ಟಿ ಐದು ಸಲ ಎದ್ದು ಕೂರುವುದು, 14 ಸೆಕೆಂಡಿನೊಳಗೆ ಆಗಬೇಕು. ತಪ್ಪಾಗುವುದು ಎಲ್ಲಿ? ಅವರ ಚಪ್ಪಲಿ ಹೊರಗೆ ಬಿಡಿಸಿ, ಕೋಲು ಕಸಿದುಕೊಂಡು ನಡೆಸುತ್ತಾರೆ. ದಿನಾ ಹೇಗೆ ನಡೆಯುತ್ತಾರೋ ಹಾಗೇ ನಡೆಯಬೇಕು, ಅದೇ ಚಪ್ಪಲಿ, ಅದೇ ಕೋಲು. ಹೊರಗಿನ ಗದ್ದಲದಲ್ಲಿ ಮಾಡಿಸಿದರೂ ಸಂಖ್ಯೆ ಕೆಡುತ್ತದೆ. ಸೆಕೆಂಡಿಗಿಂತ ಕಣ್ಣಿಗೆ ಕಾಣುವುದು ಮುಖ್ಯ: ತಿರುಗುವಾಗ ಎಷ್ಟು ಹೆಜ್ಜೆ ಹಾಕುತ್ತಾರೆ, ಕುರ್ಚಿಗೆ ಕುಸಿದು ಬೀಳುತ್ತಾರಾ, ಮಾತಾಡಿಸಿದರೆ ನಿಂತುಬಿಡುತ್ತಾರಾ.

ಕೋಲಿನ ಅಳತೆ ಅಂತೂ ಹತ್ತರಲ್ಲಿ ಎಂಟು ಜನರದು ಬದಲಿಸಬೇಕಾಗುತ್ತದೆ ಅಂದುಕೊಂಡೇ ಕೂರಿ. ಚಪ್ಪಲಿ ಹಾಕಿ ನಿಂತು ಕೈ ಸಡಿಲ ಬಿಟ್ಟಾಗ ಮಣಿಕಟ್ಟಿನ ಗೆರೆಗೆ ಕೋಲಿನ ಹಿಡಿ ಬರಬೇಕು, ಹಿಡಿದಾಗ ಮೊಣಕೈ ಸ್ವಲ್ಪ ಮಡಿಚಿರಬೇಕು. ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು, ನೋವಿನ ಕಾಲೂ ಕೋಲೂ ಒಟ್ಟಿಗೆ ಮುಂದೆ. ಬಿದಿರು ಕೋಲಾದರೂ ನಡೆಯುತ್ತದೆ, ತುದಿಗೆ ರಬ್ಬರ್ ಬುಡ್ಡಿ ಇರಲೇಬೇಕು, ಅದರ ಕೆಳಗಿನ ಗೆರೆ ಸವೆದರೆ ಬದಲಿಸಬೇಕು. ಕೋಲು, ವಾಕರ್, ಕಿವಿ ಯಂತ್ರ, ಹಲ್ಲಿನ ಸೆಟ್, ಕನ್ನಡಕ ಇವು ಬಿಪಿಎಲ್ ಹಿರಿಯರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಉಚಿತ, 2017ರಿಂದ ಇದೆ. ಶಿಬಿರ ನಡೆದಾಗ ಹಂಚುತ್ತಾರೆ, ಆದರೆ ಅಳತೆ ಹೊಂದಿಸಿ ಕಲಿಸದೆ ಕೊಟ್ಟ ವಾಕರ್ ಅಟ್ಟ ಸೇರುತ್ತದೆ.

ವ್ಯಾಯಾಮ ಮನೆಯಲ್ಲಿ ವಾರಕ್ಕೆ ಮೂರು ದಿನ, ಅರ್ಧ ತಾಸು: ಕುರ್ಚಿಯಿಂದ ಎದ್ದು ಕೂರುವುದು 10ರಂತೆ ಎರಡು ಸುತ್ತು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು 10, ಒಂದು ಪಾದದ ಮುಂದೆ ಇನ್ನೊಂದು ಇಟ್ಟು 10 ಸೆಕೆಂಡ್ ನಿಲ್ಲುವುದು. ನಡಿಗೆಯೊಂದರಿಂದ ಬೀಳುವುದು ಕಡಿಮೆಯಾಗುವುದಿಲ್ಲ. ಸಮತೋಲನದ, ಕಾಲಿನ ಬಲದ ಅಭ್ಯಾಸವೇ ಬೇಕು.

ಫರಸಿ (ಕಟ್ಟಡ ಕೆಲಸ, ಶಹಾಬಾದ್)

ಬೀಳೋ ಮಾತು ಬಂದದ್ದಕ್ಕ ನಮ್ಮ ಕಸುಬಿನ ವಿಷಯ ಹೇಳ್ತೀನ್ರಿ. ನಮ್ಮ ಕಡೆ ಬಚ್ಚಲಕ್ಕ ಶಹಾಬಾದ್ ಕಲ್ಲು ಹಾಕ್ತಾರ. ಪಾಲಿಶ್ ಮಾಡಿದ ಕಲ್ಲಿನ ಮ್ಯಾಲ ಸಾಬೂನು ನೀರು ಬಿದ್ರ ನಿಲ್ಲಾಕ ಆಗಲ್ಲ. ಇಡೀ ನೆಲ ಕೀಳಬ್ಯಾಡ್ರಿ. ನಿಂತು ಸ್ನಾನ ಮಾಡೋ ಜಾಗ, ಬಾಗಿಲ ಮುಂದಿನ ಜಾಗ, ಇಷ್ಟನ್ನ ಉಳಿಯಿಂದ ಟಾಕಿ ಹೊಡಿಸಿ ಒರಟು ಮಾಡಿಸ್ರಿ. ಒಂದು ದಿನದ ಕೆಲಸ.

ಹಿಡಿಕಿ ಹಾಕುವಾಗ ತಪ್ಪು ಆಗ್ತದ. ಹಳೇ ಮನಿಯ ಗೋಡಿ ಮಣ್ಣಿನ ಗಾರಿಯ ಕಲ್ಲುಗೋಡಿ. ಅದಕ್ಕ ಪ್ಲಾಸ್ಟಿಕ್ ಗಿಟಕ್ ಹೊಡೆದು ಸ್ಕ್ರೂ ಬಿಗಿದ್ರ ಮೈಭಾರ ಬಿದ್ದ ದಿನ ಕಿತ್ತು ಕೈಗೇ ಬರ್ತದ. ಗೋಡಿ ಆರಪಾರ ತೂತು ಹೊಡೆದು ಬೋಲ್ಟ್ ಹಾಕಿ, ಹೊರಗಿನ ಮಗ್ಗಲಿಗೆ ಕಬ್ಬಿಣದ ಪಟ್ಟಿ ಕೊಟ್ಟು ನಟ್ ಬಿಗೀಬೇಕು. ಇಲ್ಲಾ ಜಿಐ ಪೈಪ್ ನೆಲದಾಗ ಒಂದೂವರಿ ಫೂಟ್ ಹೂತು ಕಾಂಕ್ರೀಟ್ ಹಾಕ್ರಿ. ಪೈಪ್ ಮುಷ್ಟಿಗೆ ಸಿಗೋ ದಪ್ಪ, ಒಂದೂಕಾಲು ಇಂಚು. ಗೋಡಿಗೂ ಪೈಪಿಗೂ ನಡುವೆ ಬೆರಳು ಹೋಗುವಷ್ಟು, ಎರಡು ಇಂಚಿಗಿಂತ ಹೆಚ್ಚು ಬ್ಯಾಡ, ಹೆಚ್ಚಾದ್ರ ಜಾರಿದಾಗ ಇಡೀ ಕೈ ಒಳಗ ಸಿಕ್ಕೊಂಡು ಎಲುಬು ಮುರೀತದ. ಟವೆಲ್ ಹಾಕೋ ಸರಳು ಹಿಡಿಕಿ ಅಲ್ಲ.

ಹೊಸ್ತಿಲಕ್ಕ ಅರಿಶಿನದ ಬಣ್ಣದ ದಪ್ಪ ಪಟ್ಟಿ ಬಳೀರಿ. ಹೊಸ್ತಿಲ ಕಡಿಯಾಕ ಮನಿಯವರು ಒಪ್ಪಲ್ಲ, ಕಾಣೋಹಂಗ ಮಾಡಿದ್ರ ಎಡವೋದು ಕಮ್ಮಿ ಆಗ್ತದ.

ಒಂದು ತಾಸು

ಇದು ಬಹಳ ಬೇಕಾದ ಮಾಹಿತಿ, ಫರಸಿ ಅಣ್ಣಾವ್ರೇ. ಬಿದ್ದ ಮೇಲಿನದೂ ಹೇಳಿಬಿಡೋಣ. ಒಂದು ಕಾಲು ಗಿಡ್ಡ ಕಂಡು, ಪಾದ ಹೊರಕ್ಕೆ ತಿರುಗಿದ್ದರೆ ಚಪ್ಪೆ ಎಲುಬು ಮುರಿದಿದೆ. ಎಣ್ಣೆ ತಿಕ್ಕಿ ಕಟ್ಟು ಕಟ್ಟಿಸಿ ತಿಂಗಳು ಮಲಗಿಸಿದರೆ ನ್ಯುಮೋನಿಯಾ, ಬೆನ್ನುಹುಣ್ಣಿನಿಂದ ಸಾಯುತ್ತಾರೆ. ಆಪರೇಷನ್ 48 ತಾಸಿನೊಳಗೆ ಆಗಿ, ಮರುದಿನವೇ ನಿಲ್ಲಿಸಬೇಕು. "ವಯಸ್ಸಾಗಿದೆ, ಆಪರೇಷನ್ ತಡೆಯಲ್ಲ" ಅನ್ನುವುದು ತಿರುವುಮುರುವು ಮಾತು, ಮಲಗಿರುವುದನ್ನೇ ಅವರು ತಡೆಯಲಾರರು.

ಮುಂದಿನ ಮುರಿತ ತಡೆಯಲು ಅಲೆಂಡ್ರೊನೇಟ್ 70 ಮಿಗ್ರಾಂ ವಾರಕ್ಕೊಂದು, ಬರಿಹೊಟ್ಟೆಯಲ್ಲಿ ದೊಡ್ಡ ಲೋಟ ನೀರಿನೊಂದಿಗೆ, ಆಮೇಲೆ ಅರ್ಧ ತಾಸು ಮಲಗಬಾರದು, ಚಹಾ ಕೂಡ ಬೇಡ. ಮೇಲೆ ಹೇಳಿದ ಕಿಡ್ನಿ ಸೋಸುವ ಲೆಕ್ಕ 35ಕ್ಕಿಂತ ಕೆಳಗಿದ್ದರೆ ಬೇಡ. ಯಾದಗಿರಿ, ಕಲಬುರಗಿಯ ಫ್ಲೋರೈಡ್ ನೀರಿನ ಹಳ್ಳಿಗಳವರಲ್ಲಿ ಎಕ್ಸ್‌ರೇಯಲ್ಲಿ ಎಲುಬು ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ. ದಟ್ಟ ಅಂದರೆ ಗಟ್ಟಿ ಅಲ್ಲ, ಅವು ಸುಲಭವಾಗಿ ಮುರಿಯುತ್ತವೆ. ಆ ಊರಿನವರ ಟೊಂಕ ಬಿಗಿತವನ್ನು "ವಯಸ್ಸಿನ ನೋವು" ಅಂತ ಬರೆಯುವ ಮೊದಲು ಕುಡಿಯುವ ನೀರು ಯಾವ ಬೋರಿನದು ಅಂತ ಕೇಳಿ.

ಸುರಪುರ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ)

ಮನಿ ಭೇಟಿ ಬಗ್ಗೆ. ಡಿಸ್ಚಾರ್ಜ್ ಆದ ಏಳು ದಿನದೊಳಗ ಒಮ್ಮೆ ಹೋಗಲೇಬೇಕು. ಹಳೇ ಗುಳಿಗಿ, ಹೊಸ ಗುಳಿಗಿ ಎರಡೂ ನುಂಗ್ತಿರೋದು ಆ ವಾರದಾಗೇ ಸಿಕ್ಕಿಬೀಳ್ತದ. ಸಂಶಯ ಬಂದ್ರ ಅಲ್ಲಿಂದಲೇ ಇ-ಸಂಜೀವಿನಿಯೊಳಗ (ಸರ್ಕಾರದ ಆನ್‌ಲೈನ್ ವೈದ್ಯ ಸಲಹೆ) ಡಾಕ್ಟ್ರಿಗೆ ತೋರಿಸಬಹುದು.

ಅಡುಗಿಮನಿ ನೋಡ್ರಿ. ಹಲ್ಲು ಹೋದವರು ಜೋಳದ ರೊಟ್ಟಿ ಬಿಡ್ತಾರ, ಚಹಾ-ಬಿಸ್ಕಿಟ್ ಮ್ಯಾಲ ದಿನ ಕಳೀತಾರ. ತೋಳಿನ ಮಾಂಸ ಕರಗೋದು ಹಿಂಗೇ. 50 ಕಿಲೋ ಇದ್ದವರಿಗೆ ದಿನಕ್ಕ 50–60 ಗ್ರಾಂ ಪ್ರೋಟೀನ್ ಬೇಕು. ನಮ್ಮ ಊಟದಾಗೇ ಆಗ್ತದ: ಜೋಳದ ನುಚ್ಚು 200 ಗ್ರಾಂಗೆ 20, ತೊಗರಿಬ್ಯಾಳಿ 60 ಗ್ರಾಂಗೆ 13, ಶೇಂಗಾ ಹಿಂಡಿ (ಚಟ್ನಿಪುಡಿ) 30 ಗ್ರಾಂಗೆ 7, ಕಾಲು ಲೀಟರ್ ಹಾಲಿಗೆ 8, ಒಂದು ತತ್ತಿಗೆ 6. ನುಚ್ಚು, ಬ್ಯಾಳಿ ಕೂಡೇ ಮೆತ್ತಗ ಕುದಿಸ್ರಿ, ಹಿಂಡಿ ಸಣ್ಣಗ ಕುಟ್ಟಿ ಕಲಸ್ರಿ. ಕಿಡ್ನಿ ಕೆಟ್ಟವರಿಗೆ ಡಾಕ್ಟ್ರನ್ನ ಕೇಳಿ.

ಬ್ಯಾಸಿಗಿ ನಮ್ಮ ದೊಡ್ಡ ಶತ್ರು. ಏಪ್ರಿಲ್-ಮೇದಾಗ 42, 43 ಡಿಗ್ರಿ ಮಾಮೂಲಿ. ವಯಸ್ಸಾದವರಿಗೆ ಬಾಯಾರಿಕಿ ಗೊತ್ತಾಗೋದು ಕಮ್ಮಿ, ಉಚ್ಚಿಗೆ ಏಳೋದು ತಪ್ಪಲಿ ಅಂತ ತಾವೇ ನೀರು ಕಮ್ಮಿ ಕುಡೀತಾರ. ಮಾರ್ಚ್ ಕೊನಿಗೆ ನೀರಿನ ಗುಳಿಗಿ ನುಂಗೋರ ಪಟ್ಟಿ ಮಾಡಿ ಡಾಕ್ಟ್ರಿಗೆ ಕೊಡ್ರಿ, ಡೋಸು ನೋಡ್ತಾರ. ವಾಂತಿ-ಭೇದಿ ಆದ ದಿನ ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್, ನೀರಿನ ಗುಳಿಗಿ ನಿಲ್ಲಿಸಿ ಫೋನ್ ಮಾಡ್ರಿ ಅಂತ ಚೀಟಿ ಮ್ಯಾಲ ಮೊದಲೇ ಬರೆದಿರಬೇಕು. ಇನ್ಸುಲಿನ್ ಮನಿ ಗೋಡಿ ಗೂಡಿನಾಗ ಇಟ್ರ ಕೆಡ್ತದ. ಫ್ರಿಜ್ ಇಲ್ಲದವರು ದೊಡ್ಡ ಗಡಿಗ್ಯಾಗ ಹಸಿ ಉಸುಕು, ಅದರಾಗ ಸಣ್ಣ ಗಡಿಗಿ, ಅದರೊಳಗ ಪ್ಲಾಸ್ಟಿಕ್ ಚೀಲದಾಗ ಬಾಟಲಿ, ಮ್ಯಾಲ ಹಸಿ ಬಟ್ಟಿ. ನೆರಳಿನಾಗ, ಗಾಳಿ ಆಡೋ ಕಡೆ ಇಡ್ರಿ, ಉಸುಕಿಗೆ ದಿನಕ್ಕ ಎರಡು ಸಲ ನೀರು.

ಔರಾದ್ ಓದುಗ

ನೆನಪಿನ ಪರೀಕ್ಷೆ ಬಗ್ಗೆ ಯಾರೂ ಬರೆಯಲಿಲ್ಲ. ಓದು ಬರದವರಿಗೆ ತಾರೀಖು ಕೇಳಿದರೆ ಹೇಗೆ? ನಮ್ಮಲ್ಲಿ ಹೆಬ್ಬೆಟ್ಟಿನವರೇ ಹೆಚ್ಚು.

ಒಂದು ತಾಸು

ಒಳ್ಳೆಯ ಪ್ರಶ್ನೆ. ಓದು ಬರದವರಿಗೆಂದೇ ಹರಿಯಾಣದ ಬಲ್ಲಭಗಢದಲ್ಲಿ ಹಿಂದಿ ಪರೀಕ್ಷೆ ರೂಪಿಸಿದ್ದರು, ಐಸಿಎಂಆರ್‌ನ ಪರೀಕ್ಷಾ ಪೆಟ್ಟಿಗೆ ಕನ್ನಡದಲ್ಲೂ ಇದೆ. ಅಂಕ ಹಾಕಬೇಕಾದರೆ ಅವುಗಳ ಪ್ರಶ್ನೆ ಇದ್ದ ಹಾಗೇ ಕೇಳಿ, ನಾವು ಬದಲಿಸಿದರೆ ಅಂಕದ ಗಡಿ ಕೆಲಸಕ್ಕೆ ಬರುವುದಿಲ್ಲ. ಅಂಕವಿಲ್ಲದ ಮಾತುಕತೆಯಲ್ಲಿ ಮಾತ್ರ ನಮ್ಮದೇ ಪ್ರಶ್ನೆ: ಎಳ್ಳಮಾಸಿ ಆಗಿ ಎಷ್ಟು ದಿನ ಆಯ್ತು, ಈಗ ಹೊಲದಲ್ಲಿ ಏನಿದೆ, ಸಂತೆ ಯಾವ ವಾರ, ಹಿಂಡಿ ಕುಟ್ಟುವುದು ಹೇಗೆ. ಮೊದಲು ಬರುತ್ತಿದ್ದ ಅಡುಗೆಯ ಕ್ರಮ ತಪ್ಪುತ್ತಿದ್ದರೆ, ರೊಕ್ಕ ಎಣಿಸಲು ಬಾರದಿದ್ದರೆ, ಗೊತ್ತಿದ್ದ ಓಣಿಯಲ್ಲಿ ದಾರಿ ತಪ್ಪಿದರೆ ಅದು ರೋಗ. ಅರವತ್ತಕ್ಕೆ ಅರಳು ಮರಳು ಅನ್ನುವ ಗಾದೆ ಎಷ್ಟೋ ಜನರ ಚಿಕಿತ್ಸೆಯನ್ನು ತಡೆದಿದೆ. ಬಿ12 ಕೊರತೆ (ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದವರಲ್ಲಿ ಹೆಚ್ಚು), ಥೈರಾಯ್ಡ್, ಖಿನ್ನತೆ, ಬಿದ್ದ ಕೆಲ ವಾರಗಳ ನಂತರ ತಲೆಯೊಳಗೆ ನಿಂತ ರಕ್ತ, ಇವೆಲ್ಲ ಚಿಕಿತ್ಸೆ ಇರುವಂಥವು. ಮರೆವಿಗೆ ಕೊಡುವ ಡೊನೆಪೆಜಿಲ್ ಬರೆಯುವ ಮೊದಲು ನಾಡಿ ನೋಡಿ, ಇಸಿಜಿ ಮಾಡಿಸಿ, ನಾಡಿ ನಿಧಾನವಿದ್ದವರಲ್ಲಿ ಅದರಿಂದಲೇ ಬೀಳುತ್ತಾರೆ.

ನೋಡಿಕೊಳ್ಳುವ ಸೊಸೆ ಅಥವಾ ಮಗಳನ್ನು ಐದು ನಿಮಿಷ ಬೇರೆ ಕೂರಿಸಿ ಕೇಳಿ: ರಾತ್ರಿ ನಿದ್ದೆ ಆಗುತ್ತದಾ ಅಂತ. ಹಿರಿಯರನ್ನೂ ಬೇರೆಯಾಗಿ ಕೇಳಿ: ಊಟ ಸರಿಯಾಗಿ ಸಿಗುತ್ತದಾ, ಪಿಂಚಣಿ ಯಾರ ಕೈಯಲ್ಲಿದೆ. ತೊಂದರೆ ಇದ್ದರೆ ಹಿರಿಯರ ಸಹಾಯವಾಣಿ 14567. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಜೀವನಾಂಶಕ್ಕೆ ಸಹಾಯಕ ಆಯುಕ್ತರ ಬಳಿ ಅರ್ಜಿ ಹಾಕಬಹುದು, ವಕೀಲರು ಬೇಕಿಲ್ಲ.

ಭೀಮಾತೀರ

ಎಲ್ಲರಿಗೂ ಶರಣು. ಹಾಗಾದರೆ ಮೊದಲ ತಿಂಗಳ ಖರೀದಿ ಪಟ್ಟಿ ಇಷ್ಟು: ಕೈ ಇರುವ ಕುರ್ಚಿ ಎರಡು, ಒಟೋಸ್ಕೋಪ್, ಕಿವಿ ತೊಳೆಯುವ ಸಿರಿಂಜು, ತೂಕದ ಯಂತ್ರ, ಸಣ್ಣ ಮತ್ತು ದೊಡ್ಡ ಅಳತೆಯ ಬಿಪಿ ಪಟ್ಟಿ, ಕೋಲಿನ ರಬ್ಬರ್ ಬುಡ್ಡಿ, ನೆಲಕ್ಕೆ ಬಣ್ಣ. ಏನಾದರೂ ಬಿಟ್ಟಿದ್ದೇನಾ?

ನಡಿಗೆಕೋಲು

ಮಲಗಿಸಿ ಬಿಪಿ ನೋಡಲು ತಗ್ಗಿನ ಮಂಚ ಬಿಟ್ಟಿದ್ದೀರಿ. ಮತ್ತೆ ಕ್ಲಿನಿಕ್ಕಿನ ಹತ್ತಿರವೇ ಕಮೋಡ್ ಇರುವ, ಹಿಡಿಕೆ ಇರುವ ಶೌಚಾಲಯ. ಅದಿಲ್ಲ ಅಂತ ಗೊತ್ತಾದರೆ ಬೆಳಗಿನ ನೀರಿನ ಗುಳಿಗೆ ಬಿಟ್ಟು, ನೀರೂ ಕುಡಿಯದೆ ಬರುತ್ತಾರೆ, ಅವತ್ತಿನ ಬಿಪಿ ಅಳತೆ ಯಾವುದಕ್ಕೂ ಬರುವುದಿಲ್ಲ.

ಯಾದಗಿರಿ ಸಿಸ್ಟರ್

ಕುಡಿಯೋ ನೀರಿನ ಗಡಿಗಿನೂ ಇಡ್ರಿ ಸರ್, ಬಾಗಿಲ ಹೊರಗಲ್ಲ, ಅವರು ಕೂಡೋ ಕುರ್ಚಿ ಪಕ್ಕಕ್ಕ. ಲೋಟ ಹಗುರ ಇರಲಿ, ಕೈ ನಡುಗೋರಿಗೆ ಹಿತ್ತಾಳಿ ಚೆಂಬು ಎತ್ತಾಕ ಆಗಲ್ಲ.